ಹತ್ತು ದಿನಗಳ ನಂಟಸ್ತಿಕೆ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತವರಿಗೆ 'ಕ್ರಿಸ್ಮಸ್ ರಜೆ' ಎಂಬುದು ಒಂದು ಮತದವರ ಹಬ್ಬದ ಹೆಸರಾಗಿ ಮಾತ್ರ ಕೇಳಿಸುವುದಿಲ್ಲ. ಕೇರಳದ ಶಾಲಾವರ್ಷದಲ್ಲಿ ಓಣಂ ರಜೆ, ಕ್ರಿಸ್ಮಸ್ ರಜೆ, ಬೇಸಗೆ ರಜೆ ಎಂದು ಮೂರು ರಜೆಗಳು. ಮೊದಲಿನ ಎರಡು ಹತ್ತು ಹತ್ತು ದಿನಗಳವು. ಓಣಂ ರಜೆಯ ಹೊತ್ತಿಗೆ ನಮ್ಮ ಕಡೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಹೊಳೆ ತೋಡುಗಳು ತುಂಬಿರುತ್ತವೆ. ಬೇಸಗೆ ರಜೆ ದೀರ್ಘವಾದರೂ ಆಗ ಮದುವೆ, ಉಪನಯನ, ನೇಮಗಳ ಓಡಾಟ. ಬಾವಿಯ ತಳ ಕಾಣುವ ಕಾಲವೂ ಹೌದು. ಅರ್ಧವಾರ್ಷಿಕ ಪರೀಕ್ಷೆ ಮುಗಿದು, ಬೆಳಗಿನ ಚಳಿ ಹಿತವಾಗಿರುವ, ಅಂಗಳದ ತುಂಬ ಅಡಕೆ ಒಣಗುತ್ತಿರುವ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುವ ಡಿಸೆಂಬರಿನ ಆ ಹತ್ತು ದಿನಗಳೇ ಅಜ್ಜನ ಮನೆಗೆ ಹೋಗಲು ಹೇಳಿ ಮಾಡಿಸಿದ ಸಮಯ. ಹೀಗಾಗಿ ಹವ್ಯಕರ ಮನೆಯ ಮಕ್ಕಳೂ ಬಂಟರ ಮನೆಯ ಮಕ್ಕಳೂ ಬ್ಯಾರಿಗಳ ಮನೆಯ ಮಕ್ಕಳೂ ಕ್ರಿಸ್ತಜಯಂತಿಯ ಹೆಸರಿನಲ್ಲಿ ದೊರೆತ ಬಿಡುವಿನಲ್ಲಿ ತಮ್ಮ ತಮ್ಮ ನಂಟರ ಮನೆಗಳಲ್ಲಿ ಕೂಡುತ್ತ ಬಂದಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದ ನಾಡಿನಲ್ಲಿ ಇದು ವಿಶೇಷವೆಂದು ಯಾರಿಗೂ ಅನಿಸಿಲ್ಲ.

ಹೀಗೆ ಕೂಡುವುದು ಈಚೆಗೆ ಕಡಮೆಯಾಗುತ್ತಿದೆ ಎಂಬ ಕೊರಗು ನನ್ನ ವಯಸ್ಸಿನವರ ಬಾಯಲ್ಲಿ ಸಾಮಾನ್ಯ. ಅದನ್ನು ಇಲ್ಲಿ ಮತ್ತೊಮ್ಮೆ ಹಾಡುವ ಉದ್ದೇಶವಿಲ್ಲ. ಕಿರಿಯರು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಉದ್ಧಟತನವೆಂದು ಗದರಿಸಿ ಬಿಡುವವರೇ ಹೆಚ್ಚು. ಪ್ರಶ್ನೆ ಇದು: ನಾನು ಆರಿಸಿಕೊಳ್ಳದ ಈ ಜನರೊಡನೆ ನನ್ನ ಬಿಡುವಿನ ದಿನಗಳನ್ನು ಏಕೆ ಕಳೆಯಬೇಕು? ಪ್ರೀತಿಯಿದ್ದರೆ ಕರೆಯದೆಯೂ ಹೋಗುತ್ತೇನೆ. ಪ್ರೀತಿಯಿಲ್ಲದೆ ಹೋಗಿ ನಗುಮುಖ ತೋರುವುದು ಕಪಟವಲ್ಲವೆ? ಇದು ಪ್ರಾಮಾಣಿಕವಾದ ಪ್ರಶ್ನೆ. ಪ್ರಾಮಾಣಿಕವಾದ ಉತ್ತರವನ್ನೇ ಬೇಡುತ್ತದೆ.

ಹಿಂದಿನವರಿಗೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಅವರು ನಮಗಿಂತ ಹೆಚ್ಚು ಪ್ರೀತಿಯುಳ್ಳವರಾಗಿದ್ದರು ಎಂದಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ಗದ್ದೆಯೂ ತೋಟವೂ ಕುಟುಂಬದ ಹೆಸರಿನಲ್ಲಿದ್ದವು. ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಯಜಮಾನನಾದ ಸೋದರಮಾವನ ಮಾತು ಮೀರಿದವನಿಗೆ ಉಣ್ಣುವ ಅಕ್ಕಿಗೇ ಸಂಚಕಾರ. ಮಕ್ಕಳಸಂತಾನದ ಮನೆಗಳಲ್ಲಿಯೂ ಒಂದೇ ಉಗ್ರಾಣದ ಬೀಗದ ಕೈ ಹಿರಿಯಣ್ಣನ ಸೊಂಟದಲ್ಲಿ. ಕೇರಳದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಗೊಳಿಸುವ 1975ರ ಶಾಸನ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಅಂದಿನಿಂದ ಅವಿಭಕ್ತ ಕುಟುಂಬವೆಂಬುದು ನಮ್ಮ ನೆಲದಲ್ಲಿ ಕಾನೂನಿನ ಕಣ್ಣಿಗೆ ಇಲ್ಲ. ಒಬ್ಬೊಬ್ಬರ ಪಾಲು ಒಬ್ಬೊಬ್ಬರದು. ಗಡಿಯಾಚೆಯ ಪುತ್ತೂರು, ಸುಳ್ಯಗಳಲ್ಲಿ ಅದು ಕಾನೂನಿನ ಲೆಕ್ಕದಲ್ಲಿ ಇನ್ನೂ ಉಳಿದಿದೆ. ಈ ಶಾಸನವನ್ನು ನಾನು ಹಳಿಯಲಾರೆ. ಯಜಮಾನಿಕೆಯ ಅಡಿಯಲ್ಲಿ ಬಾಯಿ ಮುಚ್ಚಿ ಬದುಕಿದ ಎಷ್ಟೋ ಮಂದಿ ಕಿರಿಯರಿಗೆ, ಹೆಂಗಸರಿಗೆ, ಅದು ತಮ್ಮದೆಂಬ ತುಂಡು ಭೂಮಿಯನ್ನು ಕೊಟ್ಟಿತು. ಆದರೆ ಅದರೊಂದಿಗೇ ಆದ ಇನ್ನೊಂದು ಸಂಗತಿಯೂ ಉಂಟು. ಆಸ್ತಿಯ ಹಗ್ಗ ಬಿಚ್ಚಿಕೊಂಡ ಮೇಲೆ ಚಿಕ್ಕಪ್ಪನ ಮಗನಿಗೂ ನನಗೂ ನಡುವೆ ಉಳಿದದ್ದೇನು ಎಂಬ ಪ್ರಶ್ನೆ ಮೊದಲ ಬಾರಿಗೆ ಶುದ್ಧ ನೈತಿಕ ಪ್ರಶ್ನೆಯಾಯಿತು.

ಆಸ್ತಿಯ ಹಗ್ಗಕ್ಕೆ ಮುಂಚೆಯೇ ಪಂಚಾಂಗದ ಹಗ್ಗ ಕಡಿದಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನೆಲದ ಮೇಲೆ ಎಳೆದ ಆ ಗೆರೆಯನ್ನು ಕುರಿತು ನಾವು ಸಾಕಷ್ಟು ಬರೆದಿದ್ದೇವೆ, ಹೋರಾಡಿದ್ದೇವೆ. ದಿನಗಳ ಮೇಲೆ ಎಳೆದ ಗೆರೆಯನ್ನು ಕುರಿತು ಅಷ್ಟಾಗಿ ಬರೆದಿಲ್ಲ. ಅಕ್ಕನನ್ನು ವಿಟ್ಲದ ಕಡೆಗೂ ತಂಗಿಯನ್ನು ಪೆರ್ಲದ ಕಡೆಗೂ ಕೊಟ್ಟ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಅಕ್ಕನ ಮಕ್ಕಳಿಗೆ ದಸರಾಕ್ಕೆ ದೀರ್ಘ ರಜೆ. ಆಗ ತಂಗಿಯ ಮಕ್ಕಳು ಪೂಜೆಯ ಒಂದೆರಡು ದಿನ ಬಿಟ್ಟರೆ ತರಗತಿಯಲ್ಲಿರುತ್ತಾರೆ. ತಂಗಿಯ ಮಕ್ಕಳಿಗೆ ಕ್ರಿಸ್ಮಸ್ ರಜೆ ಬಂದಾಗ ಅಕ್ಕನ ಮಕ್ಕಳಿಗೆ ಸಾಮಾನ್ಯವಾಗಿ ಹಬ್ಬದ ಒಂದು ದಿನ ಬಿಡುವು; ಕ್ರೈಸ್ತರ ಆಡಳಿತದ ಶಾಲೆಗಳಲ್ಲಿ ದಸರಾ ರಜೆಯನ್ನು ಕಡಿತಗೊಳಿಸಿ ಕೆಲವು ದಿನ ಕೊಡುವುದುಂಟು, ಅಷ್ಟೆ. ಹತ್ತು ಹನ್ನೆರಡು ಮೈಲಿ ದೂರದಲ್ಲಿದ್ದೂ ಅಕ್ಕತಂಗಿಯರ ಮಕ್ಕಳು ಬೇಸಗೆಯಲ್ಲಲ್ಲದೆ ಒಂದೇ ಚಾಪೆಯಲ್ಲಿ ಮಲಗಿದ್ದಿಲ್ಲ. ಇದನ್ನು ಯಾವ ಸರಕಾರವೂ ಬೇಕೆಂದು ಮಾಡಿದ್ದಲ್ಲ. ಆದರೆ ನಂಟಸ್ತಿಕೆಯು ತಾನಾಗಿ ನಡೆಯುವ ಸಂಗತಿಯಲ್ಲ, ಅದಕ್ಕೆ ಬಿಡುವು ಬೇಕು, ದಾರಿ ಬೇಕು, ಯಾರಾದರೂ ಮನಸ್ಸು ಮಾಡಬೇಕು ಎಂಬುದು ಗಡಿಯ ಜನರಿಗೆ ಬೇರೆಯವರಿಗಿಂತ ಬೇಗ ತಿಳಿಯಿತು.

ಈ ರಜೆಗೆ ಹೆಸರು ಕೊಟ್ಟ ಹಬ್ಬವು ಯಾರದೋ ಅವರ ಮನೆಗಳನ್ನು ನೋಡೋಣ. ಬೇಳ, ಕಯ್ಯಾರು, ಮಂಜೇಶ್ವರಗಳ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ರಾಜ್ಯದ ಗಡಿ ಅವುಗಳ ಸಂಬಂಧವನ್ನು ಮುರಿದಿಲ್ಲ. ಆ ಊರುಗಳ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ನಡುವಿನಿಂದಲೇ ಕುಸ್ವಾರಿನ ಸಿದ್ಧತೆ ತೊಡಗುತ್ತದೆ. ನೆವ್ರಿ, ಗುಳಿಯೊ, ಚಕ್ಕುಲಿ, ಕಿಡಿಯೊ ಎಂದು ಬಗೆಬಗೆಯ ತಿಂಡಿಗಳು. ಇವುಗಳಲ್ಲಿ ಕಿಡಿಯೊ ಮಾಡುವುದನ್ನು ನೋಡಬೇಕು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೋ ಮುಳ್ಳುಚಮಚದ ಬೆನ್ನಿನ ಮೇಲೋ ಒತ್ತಿ ಸುರುಳಿ ಮಾಡಿ ಎಣ್ಣೆಗೆ ಬಿಡಬೇಕು. ನೂರಾರು ಸುರುಳಿಗಳು ಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಮಕ್ಕಳು, ಗಂಡಸರು, ಬಂದ ನಂಟರು ಎಲ್ಲರೂ ನೆಲದ ಮೇಲೆ ಸುತ್ತ ಕುಳಿತು ಒತ್ತುತ್ತಾರೆ. ಹಬ್ಬದ ಹೊತ್ತಿಗೆ ಆ ತಿಂಡಿ ತಟ್ಟೆಯಲ್ಲಿ ತುಂಬಿ ನೆರೆಯ ಹಿಂದೂಗಳ, ಮುಸಲ್ಮಾನರ ಮನೆಗಳಿಗೂ ಬರುತ್ತದೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿ ರೂಢಿಯಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ.

ಗೋದಲಿಯಲ್ಲಿ ತಾಯಿ, ತಂದೆ, ಶಿಶುವಿನ ಬೊಂಬೆಗಳನ್ನು ಕಂಡು ಕ್ರಿಸ್ಮಸ್ ಕುಟುಂಬದ ಹಬ್ಬವೆಂದು ನಾವು ತಿಳಿಯುತ್ತೇವೆ. ಸುವಾರ್ತೆಗಳ ಕಥೆಯನ್ನು ಓದಿದರೆ ಅದು ಅಷ್ಟು ಸರಳವಾಗಿಲ್ಲ. ಲೂಕನು ಹೇಳುವಂತೆ ಜೋಸೆಫನು ತುಂಬು ಗರ್ಭಿಣಿಯಾದ ಮರಿಯಳನ್ನು ಕರೆದುಕೊಂಡು ಬೆತ್ಲೆಹೇಮಿಗೆ ಹೋದದ್ದು ಚಕ್ರವರ್ತಿಯ ಆಜ್ಞೆಯಂತೆ ನಡೆದ ಜನಗಣತಿಗಾಗಿ. ಅದು ಅವನ ಪೂರ್ವಿಕರ ಊರು. ಪೂರ್ವಿಕರ ಊರಿನಲ್ಲಿಯೇ ಅವರಿಗೆ ತಂಗಲು ಎಡೆ ಸಿಗಲಿಲ್ಲ. ಶಿಶುವನ್ನು ನೋಡಲು ಮೊದಲು ಬಂದವರು ನಂಟರಲ್ಲ, ರಾತ್ರಿ ಕುರಿ ಕಾಯುತ್ತಿದ್ದವರು. ಮುಂದೆ ಹನ್ನೆರಡರ ವಯಸ್ಸಿನಲ್ಲಿ ಬಾಲಕನು ಜೆರುಸಲೇಮಿನಲ್ಲಿಯೇ ಉಳಿದಾಗ ತಂದೆತಾಯಿಯರು ಒಂದು ದಿನದ ದಾರಿಯವರೆಗೂ ಗಾಬರಿಯಾಗಲಿಲ್ಲ. ಜೊತೆಗೆ ನಡೆಯುತ್ತಿದ್ದ ಬಂಧುಬಳಗದಲ್ಲಿ ಎಲ್ಲಿಯೋ ಇದ್ದಾನೆಂದು ನಂಬಿದ್ದರು. ನಂಟಸ್ತಿಕೆಯ ಬಲವೂ ಅದರ ಅಜಾಗರೂಕತೆಯೂ ಆ ಒಂದು ದಿನದ ದಾರಿಯಲ್ಲಿ ಕಾಣುತ್ತವೆ. ಇನ್ನೂ ಮುಂದೆ, ತಾಯಿ ಮತ್ತು ಸಹೋದರರು ಹೊರಗೆ ಕಾದಿದ್ದಾರೆಂದು ಜನರು ತಿಳಿಸಿದಾಗ, ಯೇಸು ತನ್ನ ಸುತ್ತ ಕುಳಿತವರನ್ನೇ ತೋರಿಸಿ ದೇವರ ಇಚ್ಛೆಯಂತೆ ನಡೆಯುವವರೇ ತನಗೆ ತಾಯಿ, ಸಹೋದರರು ಎಂದನೆಂದು ಮಾರ್ಕನು ಬರೆಯುತ್ತಾನೆ. ಇದಕ್ಕೆ ಎದುರಾಗಿ ಲೂಕನಲ್ಲಿಯೇ ಇನ್ನೊಂದು ಚಿತ್ರವಿದೆ. ಮುಪ್ಪಿನಲ್ಲಿ ಗರ್ಭಿಣಿಯಾದ ತನ್ನ ಬಂಧು ಎಲಿಜಬೇತಳನ್ನು ನೋಡಲು ಮರಿಯಳು ಬೆಟ್ಟದ ನಾಡಿಗೆ ಅವಸರದಿಂದ ಹೋಗಿ ಸುಮಾರು ಮೂರು ತಿಂಗಳು ಅವಳ ಮನೆಯಲ್ಲಿ ನಿಂತಳು. ನಂಟರ ಮನೆಯಲ್ಲಿ ತಂಗುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣವನ್ನು ನಾನು ಕಾಣೆ.

ನಮ್ಮ ಗ್ರಂಥಗಳೂ ಈ ವಿಷಯದಲ್ಲಿ ನಾವೆಣಿಸಿದಷ್ಟು ನೇರವಾಗಿಲ್ಲ. ತೈತ್ತಿರೀಯ ಉಪನಿಷತ್ತು ಗುರುಕುಲದಿಂದ ಹೊರಡುವ ಶಿಷ್ಯನಿಗೆ ತಾಯಿ, ತಂದೆ, ಆಚಾರ್ಯ, ಅತಿಥಿ ಈ ನಾಲ್ವರನ್ನು ದೇವರೆಂದು ಕಾಣಲು ಹೇಳುತ್ತದೆ. ಸೋದರತ್ತೆಯ ಮಾತಾಗಲಿ ದಾಯಾದಿಯ ಮಾತಾಗಲಿ ಅಲ್ಲಿಲ್ಲ. ನಂಟನು ಮನೆಯವನೂ ಅಲ್ಲ, ಅತಿಥಿಯೂ ಅಲ್ಲ. ಅವನಿಗೆ ನೀರು ಬೆಲ್ಲ ಕೊಟ್ಟು ಜಗಲಿಯಲ್ಲಿ ಕುಳ್ಳಿರಿಸಿದರೆ ಸಾಲದು, ಒಳಗೂ ಬಿಡಬೇಕು. ಒಳಗೆ ಬಂದವನು ನಮ್ಮ ಪಾತ್ರೆಯ ಕಿಲುಬನ್ನೂ ಗಂಡಹೆಂಡಿರ ಮುನಿಸನ್ನೂ ನೋಡುತ್ತಾನೆ. ನಂಟಸ್ತಿಕೆಯ ಕಷ್ಟವೆಲ್ಲ ಈ ನಡುವಿನ ಸ್ಥಾನದಲ್ಲಿದೆ.

ಇನ್ನು, ಪ್ರೀತಿಯಿಲ್ಲದೆ ಹೋಗುವುದು ಕಪಟವಲ್ಲವೆ ಎಂಬ ಆಕ್ಷೇಪ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥದಲ್ಲಿ ಈ ತೊಡಕನ್ನು ಬಿಡಿಸಲು ಯತ್ನಿಸಿದ್ದಾನೆ. ಒಲವೆಂಬ ಭಾವವನ್ನು ಯಾರೂ ಆಜ್ಞಾಪಿಸಲಾರರು. ಆದರೆ ಒಳಿತು ಮಾಡುವುದನ್ನು ಆಜ್ಞಾಪಿಸಬಹುದು, ಒಲವಿಲ್ಲದ ಕಡೆಯೂ ಅದು ಕರ್ತವ್ಯವೇ ಎಂಬುದು ಅವನ ನಿಲುವು. ಇದನ್ನು ನಂಟಸ್ತಿಕೆಗೆ ಅನ್ವಯಿಸಿದರೆ, ಕಾಯಿಲೆಯ ಅತ್ತೆಯನ್ನು ನೋಡಲು ಮನಸ್ಸಿಲ್ಲದ ಮನಸ್ಸಿನಿಂದ ಹೋದವನು ಕಪಟಿಯಲ್ಲ. ಹೋಗಿ, 'ನಿಮ್ಮನ್ನು ನೋಡದೆ ಇರಲಾರದೆ ಬಂದೆ' ಎಂದು ಹೇಳಿದರೆ ಕಪಟ. ಬರಿದೆ ಪಕ್ಕದಲ್ಲಿ ಕುಳಿತು, ಔಷಧದ ಚೀಟಿ ಓದಿ ಹೇಳಿ, ಎದ್ದು ಬಂದರೆ ಅಲ್ಲಿ ಯಾವ ಸುಳ್ಳೂ ಇಲ್ಲ. ಕಾಂಟನ ಈ ಮಾತು ಒಣಗಿದ್ದೆಂದು ಕೆಲವರಿಗೆ ತೋರುತ್ತದೆ. ನನಗೆ ಅದು ದಯೆಯುಳ್ಳ ಮಾತಾಗಿ ಕಾಣುತ್ತದೆ; ಪ್ರೀತಿ ಉಕ್ಕಿ ಬರುವವರೆಗೆ ಕಾಯುವ ಶಿಕ್ಷೆಯಿಂದ ಅದು ನಮ್ಮನ್ನೂ ಆ ಅತ್ತೆಯನ್ನೂ ಬಿಡಿಸುತ್ತದೆ.

ಆದರೆ ಕಾಂಟನಿಂದ ಪೂರ್ತಿ ಉತ್ತರ ಸಿಗದು. ಒಳಿತು ಮಾಡಬೇಕಾದುದು ಎಲ್ಲ ಮನುಷ್ಯರಿಗಾದರೆ ಸೋದರತ್ತೆಗೇ ಏಕೆ, ಆಸ್ಪತ್ರೆಯ ಪಕ್ಕದ ಹಾಸಿಗೆಯವಳಿಗೇಕಲ್ಲ? ಪ್ರಾಚೀನ ಚೀನದಲ್ಲಿ ಮೋ ತ್ಸು ಎಂಬವನು ಭೇದವಿಲ್ಲದೆ ಎಲ್ಲರಲ್ಲಿಯೂ ಸಮನಾದ ಕಾಳಜಿ ಇರಬೇಕೆಂದು ಬೋಧಿಸಿದ. ಮೆನ್ಷಿಯಸ್ ಅದನ್ನು ಕಟುವಾಗಿ ಎದುರಿಸಿ, ಹಾಗೆ ಹೇಳುವುದು ತಂದೆಯನ್ನೇ ಇಲ್ಲವೆಂದಂತೆ ಎಂದ. ಅರಿಸ್ಟಾಟಲನ ನೀತಿಶಾಸ್ತ್ರದ ಹತ್ತು ಭಾಗಗಳಲ್ಲಿ ಎರಡು ಭಾಗಗಳು ಸ್ನೇಹಕ್ಕೆ ಮೀಸಲು. ಅಲ್ಲಿ ಅವನು ಬಂಧುಗಳ ಸ್ನೇಹವನ್ನೂ ಸೇರಿಸಿಕೊಂಡು, ಒಂದೇ ಮೂಲದಿಂದ ಬಂದವರೆಂಬ ಕಾರಣದಿಂದ ದಾಯಾದಿಗಳು ಹತ್ತಿರದವರೆಂದೂ ಮೂಲಪುರುಷನು ದೂರವಾದಂತೆ ಆ ಹತ್ತಿರವೂ ತೆಳುವಾಗುತ್ತದೆಂದೂ ಹೇಳುತ್ತಾನೆ. ಹೀಗೆ ರಕ್ತದ ಹತ್ತಿರವನ್ನು ಅಳೆಯುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ರಕ್ತ ಒಂದೇ ಎಂಬುದು ನಂಟಸ್ತಿಕೆ ಏಕೆ ಹುಟ್ಟಿತು ಎಂಬುದನ್ನು ಹೇಳುತ್ತದೆಯೇ ಹೊರತು ಅದು ಏಕೆ ಉಳಿಯಬೇಕೆಂಬುದನ್ನು ಹೇಳುವುದಿಲ್ಲ. ಅತ್ತಿಗೆಗೂ ನಾದಿನಿಗೂ ಯಾವ ರಕ್ತಸಂಬಂಧ?

ನನ್ನ ಉತ್ತರ ಬೇರೆ ಕಡೆಯಿಂದ ಬರುತ್ತದೆ. ನಂಟರ ಬೆಲೆ ಇರುವುದು ಅವರನ್ನು ನಾವು ಆರಿಸಿಕೊಂಡಿಲ್ಲ ಎಂಬುದರಲ್ಲಿಯೇ. ಗೆಳೆಯರನ್ನು ನಾವು ನಮ್ಮ ವಯಸ್ಸು, ನಮ್ಮ ಓದು, ನಮ್ಮ ರುಚಿ, ನಮ್ಮ ಪಕ್ಷ ನೋಡಿ ಆರಿಸುತ್ತೇವೆ. ಗೆಳೆಯರ ಗುಂಪು ನಿಧಾನವಾಗಿ ನಮ್ಮದೇ ಪ್ರತಿಬಿಂಬಗಳ ಗುಂಪಾಗುತ್ತದೆ. ನಂಟರ ಮನೆಯಲ್ಲಿ ಹಾಗಲ್ಲ. ಅಲ್ಲಿ ಕಿವಿ ಕೇಳಿಸದ ದೊಡ್ಡಪ್ಪ, ಇಡೀ ದಿನ ರಾಜಕೀಯ ಮಾತನಾಡುವ ಮಾವ, ಪರೀಕ್ಷೆಯಲ್ಲಿ ಸೋತ ದಾಯಾದಿ, ಕೊಲ್ಲಿಯಿಂದ ಬಂದ ಹಣವಂತ, ತೋಟದ ಕೂಲಿ ಕೊಡಲು ಸಾಲ ಮಾಡಿದವನು, ಎಲ್ಲರೂ ಒಂದೇ ಬಚ್ಚಲಿನ ಹಂಡೆಯ ನೀರಿಗಾಗಿ ಸರದಿ ಕಾಯಬೇಕು. ತನಗಿಂತ ಬೇರೆಯಾದವನು ತನ್ನವನೂ ಆಗಿರಬಲ್ಲನೆಂಬುದನ್ನು ಹುಡುಗನೊಬ್ಬ ಮೊದಲು ಕಲಿಯುವುದು ಅಲ್ಲಿ. ಶಾಲೆಯಲ್ಲಿ ನಾವು ಅದನ್ನು ಪೌರನೀತಿಯ ಪಾಠವಾಗಿ ಕಲಿಸುತ್ತೇವೆ, ಅಂಕವೂ ಕೊಡುತ್ತೇವೆ. ಹಂಡೆಯ ಮುಂದೆ ನಿಂತು ಕಲಿತಷ್ಟು ಅದು ನಾಟುವುದಿಲ್ಲ.

ಗಡಿನಾಡಿನ ನಮಗೆ ಇದು ಬರಿಯ ಮನೆಯ ಮಾತಲ್ಲ. ಒಂದು ಪೇಟೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ನುಡಿಗಳನ್ನು ಆಡುವವರ ನಡುವೆ ನಮ್ಮ ಬದುಕು. ನಮ್ಮ ನೆರೆಯನ್ನು ನಾವು ಆರಿಸಿಕೊಂಡಿಲ್ಲ. ನಮ್ಮ ರಾಜ್ಯವನ್ನೂ ನಾವು ಆರಿಸಿಕೊಂಡಿಲ್ಲ. ಅಲ್ಪಸಂಖ್ಯಾತರಾಗಿ ಬಾಳುವವರು ಆರಿಸಿಕೊಳ್ಳದವರೊಡನೆ ನ್ಯಾಯವಾಗಿ, ಮರ್ಯಾದೆ ಬಿಡದೆ, ಬೇಕಾದಲ್ಲಿ ಜಗಳವನ್ನೂ ಆಡಿ ಬಾಳುವುದನ್ನು ಬೇಗ ಕಲಿಯಬೇಕಾಗುತ್ತದೆ. ತನ್ನ ಚಿಕ್ಕಮ್ಮನ ಮನೆಯಲ್ಲಿ ಹತ್ತು ದಿನ ಇರಲಾರದವನು ಅದನ್ನು ಹೇಗೆ ಕಲಿಯುತ್ತಾನೋ ನಾನರಿಯೆ.

ಇಷ್ಟರಲ್ಲಿ ಹಿರಿಯರು ತಲೆದೂಗುತ್ತಿರಬಹುದು. ಆದರೆ ಪ್ರಶ್ನೆಯ ಅರ್ಧ ಮಾತ್ರ ಮುಗಿದಿದೆ, ಉಳಿದರ್ಧದಲ್ಲಿ ಅವರು ತಲೆದೂಗುವರೆಂಬ ಭರವಸೆ ನನಗಿಲ್ಲ. ಕೂಡುವುದು ಒಳ್ಳೆಯದೆಂದು ಒಪ್ಪೋಣ. ಕೂಡಿಸುವ ಕೆಲಸ ಯಾರದು?

ಜನವರಿಯ ಮೊದಲ ವಾರದಲ್ಲಿ 'ನಾನು ಕ್ರಿಸ್ಮಸ್ ರಜೆಯನ್ನು ಕಳೆದ ಬಗೆ' ಎಂಬ ಪ್ರಬಂಧ ಬರೆಯಿಸುವುದು ನಮ್ಮ ಕನ್ನಡ ಅಧ್ಯಾಪಕರ ಹಳೆಯ ರೂಢಿ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಆ ಪ್ರಬಂಧಗಳನ್ನು ತಿದ್ದಿದ್ದೇನೆ. ಕೆಲವು ವರ್ಷಗಳಾದ ಮೇಲೆ ಒತ್ತಕ್ಷರ, ದೀರ್ಘಗಳಲ್ಲದೆ ಬೇರೊಂದು ಕಣ್ಣಿಗೆ ಬೀಳತೊಡಗಿತು. ಹುಡುಗರ ಪ್ರಬಂಧಗಳಲ್ಲಿ ಕ್ರಿಯಾಪದಗಳೆಲ್ಲ ಬಹುವಚನ: ಆಡಿದೆವು, ಈಜಿದೆವು, ಆಟ ನೋಡಲು ಹೋದೆವು, ತಿಂದೆವು. ಹುಡುಗಿಯರ ಪ್ರಬಂಧಗಳಲ್ಲಿ ಮೊದಲ ಒಂದೆರಡು ವಾಕ್ಯಗಳು ಬಹುವಚನದಲ್ಲಿದ್ದು, ಆಮೇಲೆ ಏಕವಚನಕ್ಕೆ ತಿರುಗುತ್ತಿದ್ದವು: ನೀರು ಸೇದಿದೆ, ಅಂಗಳ ಗುಡಿಸಿದೆ, ಚಿಕ್ಕಮ್ಮನ ಮಗುವನ್ನು ನೋಡಿಕೊಂಡೆ, ಬಡಿಸಿದೆ. ಅದನ್ನು ಅವರು ದೂರಾಗಿ ಬರೆದದ್ದಲ್ಲ. ಎಷ್ಟೋ ಸಲ ಹೆಮ್ಮೆಯಿಂದಲೇ ಬರೆದಿರುತ್ತಿದ್ದರು. ವ್ಯಾಕರಣ ಸರಿಯಾಗಿತ್ತು, ಕೆಂಪು ಶಾಯಿ ಹಾಕುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಹದಿನೆಂಟು ಮಂದಿ ಎಂಟು ದಿನ ಒಂದು ಮನೆಯಲ್ಲಿ ಇದ್ದರೆಂದು ಲೆಕ್ಕ ಹಾಕಿ. ಬೆಳಗ್ಗೆ ತಿಂಡಿ, ಎರಡು ಊಟ. ಒಟ್ಟು 432 ಬಾರಿ ಎಲೆಯೋ ತಟ್ಟೆಯೋ ಇಡಬೇಕು. ಚಹಾದ ಲೋಟಗಳು ಬೇರೆ. ದೋಸೆಗೆ ಹಿಂದಿನ ಸಂಜೆಯೇ ಅಕ್ಕಿ ನೆನೆಹಾಕಿ ಅರೆಯಬೇಕು. ಇದೇ ವೇಳೆಗೆ ಅಡಕೆಯ ಕೊಯ್ಲು. ಆಳುಗಳಿಗೂ ಗಂಜಿಯೋ ಚಹಾವೋ ಆಗಬೇಕು. ಜಗಲಿಯಲ್ಲಿ ಕುಳಿತು ಕುಟುಂಬದ ಐಕ್ಯವನ್ನು ಕುರಿತು ಮಾತನಾಡುವ ನಮ್ಮಂಥವರು ಈ 432ರಲ್ಲಿ ಎಷ್ಟು ಎಲೆ ಎತ್ತಿದ್ದೇವೆ? ಕಾಂಟ್ ಹೇಳಿದ ಕರ್ತವ್ಯ ನಮ್ಮ ಪಾಲಿಗೆ ಹೋಗಿ ಕುಳಿತುಕೊಳ್ಳುವುದು. ಅವರ ಪಾಲಿಗೆ ನಿಂತೇ ಇರುವುದು. ಒಂದು ಹೊಣೆಯನ್ನು ಕುಟುಂಬದ ಹೊಣೆಯೆಂದು ಕರೆದು, ಅದರ ಸುಖವನ್ನು ಎಲ್ಲರಿಗೂ ಹಂಚಿ, ಶ್ರಮವನ್ನು ಅರ್ಧ ಜನರಿಗೆ ಕಟ್ಟಿದರೆ ಅದು ಕರ್ತವ್ಯವಾಗಿ ಉಳಿಯುವುದಿಲ್ಲ, ದುಡಿಸಿಕೊಳ್ಳುವುದಾಗುತ್ತದೆ. ಕಿಡಿಯೊ ಮಾಡುವ ದಿನ ಬಾಚಣಿಗೆ ಹಿಡಿದು ಕುಳಿತ ಗಂಡಸಿನ ಕೈ, ಉಳಿದ ದಿನಗಳಲ್ಲಿ ಪಾತ್ರೆ ತೊಳೆಯುವ ಕಡೆಗೆ ಏಕೆ ಬರುವುದಿಲ್ಲ ಎಂದು ಆ ಮನೆಗಳ ಹೆಂಗಸರೂ ಕೇಳಬಹುದು.

ಇದಕ್ಕಿಂತಲೂ ಸೂಕ್ಷ್ಮವಾದ ಅನ್ಯಾಯವೊಂದಿದೆ. ರಜೆ ಇರುವುದು ಹತ್ತು ದಿನ. ಸೊಸೆಗೂ ಹತ್ತೇ ದಿನ. 'ಎಲ್ಲರೂ ಮನೆಗೆ ಬನ್ನಿ' ಎಂದು ಅತ್ತೆಮಾವಂದಿರು ಕರೆ ಕಳಿಸಿದಾಗ ಆ 'ಮನೆ' ಯಾರದು? ಮಗನ ತಾಯಿ ಮಗನ ದಾರಿ ಕಾಯುವ ಅದೇ ದಿನಗಳಲ್ಲಿ ಇನ್ನೊಂದೂರಿನಲ್ಲಿ ಮಗಳ ತಾಯಿ ಮಗಳ ದಾರಿ ಕಾಯುತ್ತಿರುತ್ತಾಳೆ. ಅಳಿಯಸಂತಾನದ ಮನೆಗಳಲ್ಲಿ ಹೆಣ್ಣು ತನ್ನ ತಾಯಿಮನೆಯ ಸದಸ್ಯಳೇ ಆಗಿ ಉಳಿಯುತ್ತಿದ್ದಳು, ಆದ್ದರಿಂದ ಈ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಿತ್ತು. ಆ ಕಟ್ಟು ಹೋದ ಮೇಲೆ ಅವರೂ ಮಿಕ್ಕವರಂತಾದರು. ನಾನು ಕಂಡ ಕೆಲವು ಕುಟುಂಬಗಳು ಒಂದು ವರ್ಷ ಗಂಡನ ಕಡೆ, ಇನ್ನೊಂದು ವರ್ಷ ಹೆಂಡತಿಯ ಕಡೆ ಎಂದು ಮಾಡಿಕೊಂಡಿವೆ. ಕೆಲವರು ಐದೈದು ದಿನ ಹಂಚಿಕೊಂಡಿದ್ದಾರೆ. ಗಂಡನ ಕಡೆಯ ಹಿರಿಯರು ಇದನ್ನು ಲೆಕ್ಕಾಚಾರವೆಂದು ಹೀಯಾಳಿಸುವುದನ್ನು ಕೇಳಿದ್ದೇನೆ. ಲೆಕ್ಕವೇ ಇಲ್ಲದ ಕಾಲದಲ್ಲಿ ಹತ್ತಕ್ಕೆ ಹತ್ತೂ ಅವರಿಗೇ ಸಿಗುತ್ತಿದ್ದುದರಿಂದ ಲೆಕ್ಕವು ಅವರಿಗೆ ಒರಟಾಗಿ ತೋರುವುದು ಸಹಜ.

ಹೋಗದಿರುವ ಹಕ್ಕಿನ ಮಾತನ್ನೂ ಆಡಬೇಕು. ನಂಟನೆಂಬ ಒಂದೇ ಕಾರಣಕ್ಕೆ, ಮಗುವೊಂದಕ್ಕೆ ಕೇಡು ಮಾಡಿದವನ ಎದುರು ಆ ಮಗು ದೊಡ್ಡದಾದ ಮೇಲೆಯೂ ಊಟಕ್ಕೆ ಕುಳಿತುಕೊಳ್ಳಬೇಕೆಂದು ಹೇಳುವ ಧರ್ಮ ಯಾವುದೂ ಇಲ್ಲ. ಜಾತಿ ಬಿಟ್ಟು ಮದುವೆಯಾದ ಮಗಳನ್ನು ಹಬ್ಬಕ್ಕೆ ಕರೆದು ಅಳಿಯನಿಗೆ ಬೇರೆ ಪಂಕ್ತಿಯಲ್ಲಿ ಬಡಿಸಿದರೆ ಅವರು ಮುಂದಿನ ವರ್ಷ ಬರದಿರುವುದು ಅಹಂಕಾರವಲ್ಲ. 'ಹಿರಿಯರು, ಸಹಿಸಿಕೋ' ಎಂಬ ಮಾತನ್ನು ಹೇಳುವ ಮೊದಲು, ಸಹಿಸಿಕೊಳ್ಳಬೇಕಾದದ್ದು ಹಿರಿಯರ ಕಿವುಡೋ ಕ್ರೌರ್ಯವೋ ಎಂದು ವಿಚಾರಿಸಬೇಕು. ಬೇಸರಕ್ಕೂ ಗಾಯಕ್ಕೂ ವ್ಯತ್ಯಾಸವಿದೆ. ಬೇಸರದ ಕಾರಣಕ್ಕೆ ನಂಟಸ್ತಿಕೆ ಬಿಡುವ ಯುವಕನೊಡನೆ ನಾನು ವಾದಿಸುತ್ತೇನೆ. ಗಾಯದ ಕಾರಣಕ್ಕೆ ಬಿಟ್ಟವರೊಡನೆ ವಾದಿಸುವುದಿಲ್ಲ.

ಈಚೆಗೆ ಒಂದು ಹೊಸ ಪದ್ಧತಿ ಬರುತ್ತಿದೆ. ಊರಮನೆ ಹಳೆಯದಾಗಿ, ಅಲ್ಲಿ ಒಬ್ಬ ಅಜ್ಜಿ ಮಾತ್ರ ಉಳಿದಿರುವುದರಿಂದ, ಬೆಂಗಳೂರು, ಪುಣೆ, ದುಬೈಗಳಿಂದ ಬರುವ ಮಕ್ಕಳು ಮೊಮ್ಮಕ್ಕಳು ಯಾವುದಾದರೂ ರೆಸಾರ್ಟಿನಲ್ಲೋ ಹೋಂಸ್ಟೇಯಲ್ಲೋ ಮೂರು ದಿನ ಕೂಡುತ್ತಾರೆ. ಅಜ್ಜಿಯನ್ನೂ ಕಾರಿನಲ್ಲಿ ಕರೆದೊಯ್ಯುತ್ತಾರೆ. ನನ್ನ ಓರಗೆಯವರಿಗೆ ಇದು ಸೇರದು. ನಾನು ಮಾತ್ರ ಇದನ್ನು ಅರೆಮನಸ್ಸಿನಿಂದ ಮೆಚ್ಚುತ್ತೇನೆ. ಅಲ್ಲಿ ಅಡುಗೆ ಮಾಡುವವರಿಗೆ ಸಂಬಳವಿದೆ. ಸೊಸೆಯಂದಿರು ಮೊದಲ ಬಾರಿಗೆ ಗಂಡಸರ ಜೊತೆ ಕುಳಿತು ಬಿಸಿಬಿಸಿಯಾಗಿ ಊಟ ಮಾಡುತ್ತಾರೆ, ಮಧ್ಯಾಹ್ನ ನಿದ್ರೆಯನ್ನೂ ಮಾಡುತ್ತಾರೆ. ನೂರು ವರ್ಷಗಳ ಐಕ್ಯದ ಭಾಷಣಗಳು ಮಾಡದ ಕೆಲಸವನ್ನು ಒಂದು ರೆಸಾರ್ಟು ಮಾಡಿತೆಂದರೆ ಅದನ್ನು ಒಪ್ಪಿಕೊಳ್ಳಲೇಬೇಕು.

ಉಳಿದ ಅರ್ಧ ಮನಸ್ಸು ಒಪ್ಪದಿರುವುದಕ್ಕೂ ಕಾರಣವಿದೆ. ಮೂರು ದಿನದ ಖರ್ಚನ್ನು ಸಂಸಾರಕ್ಕೆ ಇಷ್ಟೆಂದು ಹಂಚುತ್ತಾರೆ, ನ್ಯಾಯವೇ. ದುಬೈಯವನಿಗೆ ಅದೊಂದು ಮೊತ್ತವಲ್ಲ. ಅದೇ ಕುಟುಂಬದಲ್ಲಿ, ಊರಿನಲ್ಲಿಯೇ ಉಳಿದು, ಅಜ್ಜಿಯ ರಕ್ತದೊತ್ತಡದ ಮಾತ್ರೆ ತಂದುಕೊಡುವ, ಮಳೆಗಾಲದಲ್ಲಿ ಆ ಮನೆಯ ಹಂಚು ಸರಿಸಿ ಹಾಕುವ, ಹಿಂಗಾರ ಉದುರಿದ ವರ್ಷ ಕೈ ಬರಿದಾದ ಒಬ್ಬ ಮಗನೋ ಸೋದರಳಿಯನೋ ಇರುತ್ತಾನೆ. ಹಿಂದೆ ಊರಮನೆಗೆ ಬರಲು ಅವನಿಗೆ ಒಂದು ಬಾಳೆಗೊನೆ ಸಾಕಾಗುತ್ತಿತ್ತು. ಅದನ್ನು ಹೆಗಲ ಮೇಲೆ ಹೊತ್ತು ಬಂದು ಚಾವಡಿಯಲ್ಲಿ ಇಳಿಸಿದರೆ ಅವನು ಎಲ್ಲರಿಗೆ ಸಮ. ಈಗ ಅವನ ಮೊಬೈಲಿಗೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೊತ್ತವೂ ಖಾತೆಯ ಸಂಖ್ಯೆಯೂ ಬರುತ್ತದೆ. ನಿನ್ನ ಪಾಲನ್ನು ನಾವು ಹಾಕುತ್ತೇವೆ ಎಂದು ಅಣ್ಣನು ಪ್ರೀತಿಯಿಂದಲೇ ಹೇಳುತ್ತಾನೆ, ಅದೂ ಎಲ್ಲರೂ ಓದುವ ಆ ಗುಂಪಿನಲ್ಲಿಯೇ. ಹೊರಡುವ ಹಿಂದಿನ ಸಂಜೆ ಅವನು ಫೋನು ಮಾಡಿ, ಅಡಕೆ ಅಂಗಳದಲ್ಲಿದೆ, ಮೋಡ ಕಟ್ಟಿದ ಹಾಗಿದೆ, ಬಿಟ್ಟು ಬರುವ ಹಾಗಿಲ್ಲ, ನೀವು ಹೋಗಿಬನ್ನಿ ಎನ್ನುತ್ತಾನೆ. ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಕಡೆ ಮೋಡ ಕಟ್ಟುವುದು ಅಪರೂಪ. ಅಜ್ಜಿಗೆ ಅದು ತಿಳಿದಿರುತ್ತದೆ. ಕಾರು ಹತ್ತುವ ಮೊದಲು ಅವಳು ಆಕಾಶವನ್ನೊಮ್ಮೆ ನೋಡುತ್ತಾಳೆ.